ತಂತಿ ನೆಲ, ಹೊಟ್ಟಿನ ನೆಲ

ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಅಂಗಡಿ. ಖಾನಾಪುರದ ಹತ್ತಿರ ಗದ್ದೆ ಮಾಡಿಕೊಂಡಿರುವ ಶಾಂತಕ್ಕನ ಬಾತುಕೋಳಿಗಳಿಗೆ ತಂತಿ ಜಾಳಿಗೆಯ ನೆಲವಿರುವ ಎತ್ತರದ ಗೂಡು ಮಾಡಿಕೊಟ್ಟಿದ್ದೆ. ಹಿಕ್ಕೆಯೆಲ್ಲ ಕೆಳಗೆ ಬೀಳುತ್ತದೆ, ಗೂಡು ಸದಾ ಒಣಗಿರುತ್ತದೆ ಎಂದು ನನಗೆ ಹೆಮ್ಮೆ. ತಿಂಗಳಾದ ಮೇಲೆ ಶಾಂತಕ್ಕ ಫೋನ್ ಮಾಡಿ ಕರೆದರು.

ಹೋಗಿ ನೋಡಿದರೆ ಗೂಡು ಖಾಲಿ. ಬಾತುಗಳೆಲ್ಲ ಹಳೆಯ ಕೊಟ್ಟಿಗೆಯಲ್ಲಿ ಭತ್ತದ ಹೊಟ್ಟಿನ ಮೇಲಿದ್ದವು. ಎರಡು ಕುಂಟುತ್ತಿದ್ದವು.

“ಗೂಡು ಚೊಲೋ ಐತಲ್ರಿ ಅಕ್ಕಾ?” ಎಂದೆ.

“ಚಪ್ಪಲಿ ಬಿಟ್ಟು ಅದರಾಗ ನಿಂದರ್ರಿ,” ಅಂದರು.

ನಿಂತೆ. ಸ್ವಲ್ಪ ಹೊತ್ತಿಗೇ ಅಂಗಾಲು ಉರಿಯತೊಡಗಿತು.

“ಈಗ ಇಲ್ಲಿ ಬರ್ರಿ.”

ಹೊಟ್ಟಿನೊಳಗೆ ಕಾಲಿಟ್ಟೆ. ಮೆತ್ತಗೆ, ಬೆಚ್ಚಗೆ ಇತ್ತು. ವಡಗಾವಿಯ ನಮ್ಮ ಮನೆಯಲ್ಲಿ ಅವ್ವ ಸೆಗಣಿ ಸಾರಿಸುತ್ತಿದ್ದ ನೆಲ ನೆನಪಾಯಿತು. ಮಗ್ಗದ ಸದ್ದು ಕೇಳುತ್ತ ನಾನು ಅದರ ಮೇಲೇ ಮಲಗುತ್ತಿದ್ದೆ. ದುಡಿಯತೊಡಗಿದ ಮೇಲೆ ಅಲ್ಲಿ ಫರ್ಶಿ ಕಲ್ಲು ಹಾಸಿಸಿದವನೂ ನಾನೇ. “ಕಾಲು ಕೊರೀತಾವೋ,” ಎಂದು ಅವ್ವ ಎಷ್ಟು ಸಲ ಹೇಳಿದರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಕೇಳೋಣವೆಂದರೆ ಅವ್ವ ಇಲ್ಲ.

“ಈಗ ಗೊತ್ತಾತೇನ್ರಿ?”

“ಗೊತ್ತಾತ್ರಿ. ಜಾಳಿಗಿ ಮ್ಯಾಲೆ ಹಲಗಿ ಹೊಡದು ಹೊಟ್ಟು ಹಾಕೂಣು. ಹಸಿ ಆದಾಗೊಮ್ಮೆ ಬದಲಿ ಮಾಡಬೇಕಾಗ್ತದ.”

“ಮಾಡ್ತೀನಿ. ಖರೇ ಹೇಳಬೇಕಂದ್ರ, ಕುಂಟೂದು ನೋಡೂದಕ್ಕಿಂತ ಅದು ಹಗುರ ಕೆಲಸ.”

ಅಂದೇ ಹಲಗೆ ಹೊಡೆದು ಹೊಟ್ಟು ಹರಡಿದೆವು. ಸಂಜೆ ಬಾತುಗಳು ತಾವಾಗಿಯೇ ಗೂಡು ಹೊಕ್ಕವು.

ಈಗ ಯಾರು ಜಾಳಿಗೆ ನೆಲದ ಗೂಡು ಕೇಳಿಕೊಂಡು ಬಂದರೂ ಮೊದಲು ಚಪ್ಪಲಿ ಬಿಡಿಸುತ್ತೇನೆ. ಇದು ಅಂಗಡಿಯೋ ಗುಡಿಯೋ ಎಂದು ಕೆಲವರು ಕೇಳುವುದುಂಟು.