ಪೂಜೆಗಿಟ್ಟ ಜಲಜನಕ

ಚಿಕ್ಕಬಳ್ಳಾಪುರ ಜಿಲ್ಲೆಯಾದ ಹೊಸತರಲ್ಲಿ ಊರಿನಲ್ಲಿ ಎಲ್ಲರಿಗೂ ಕೋಣೆಗಳ ಹಸಿವು. ಒಂದು ಇಲಾಖೆ ಛತ್ರದ ಮಹಡಿಯಲ್ಲಿ ಕೂತರೆ ಇನ್ನೊಂದು ಹಳೆಯ ಗೋದಾಮಿನಲ್ಲಿ. ಆ ಹಸಿವು ನಾನು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಕಾಲೇಜಿಗೂ ಅಂಟಿತು. ಬಿಸಿಎಗೆ ಸೇರುವವರ ಸಾಲು ಗೇಟು ದಾಟಿ ಹೋಗುತ್ತಿತ್ತು. ಬಿಎಸ್ಸಿಗೆ ಬರುವವರನ್ನು ನಾವೇ ಬಾಗಿಲಲ್ಲಿ ನಿಂತು ಕರೆಯಬೇಕಿತ್ತು. ಹಾಗಾಗಿ ನನ್ನ ಪ್ರಯೋಗಶಾಲೆಯ ಹಿಂದಿನ ಕೋಣೆಯ ಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಕಣ್ಣು ಬಿತ್ತು.

ಆ ಕೋಣೆಯಲ್ಲಿ ಅಂಥದ್ದೇನೂ ಇರಲಿಲ್ಲ. ಎತ್ತರದ ಎರಡು ಕಿಟಕಿ, ಕಡಪ ಕಲ್ಲಿನ ಮೇಜು, ಕಂದು ಬಾಟಲಿಗಳ ಸಾಲು, ಹೊರಗೆ ಒಂದು ಹೊಂಗೆಮರ. ನಾನು ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿದ್ದದ್ದು ಅಲ್ಲಿ, ಪೇಪರು ತಿದ್ದುತ್ತಿದ್ದದ್ದು ಅಲ್ಲಿ, ತಲೆನೋವು ಬಂದರೆ ಕಣ್ಣು ಮುಚ್ಚಿ ಕೂರುತ್ತಿದ್ದದ್ದೂ ಅಲ್ಲೇ. ಮನೆಯಲ್ಲಿ ನನ್ನದು ಅಂತ ಒಂದು ಬೀರುವಿನ ಅರ್ಧ ಭಾಗವಿತ್ತು. ಕೋಣೆ ಅಂತ ಇದ್ದದ್ದು ಇದೊಂದೇ.

"ಮೇಡಂ, ಆ ಹಿಂದಿನ ರೂಮಲ್ಲಿ ಕಂಪ್ಯೂಟರ್ ಹಾಕ್ಸಣ ಅಂತ," ಎಂದರು ಕಾರ್ಯದರ್ಶಿಗಳು. ಅವರದು ಹೂವಿನ ವ್ಯಾಪಾರ. ಯಾವ ಮಾತನ್ನೂ ಬಾಡುವ ಮುಂಚೆ ಮುಗಿಸುವ ಅಭ್ಯಾಸ.

"ಅದು ಸಂಶೋಧನೆಗೆ ಬೇಕು ಸರ್," ಎಂದುಬಿಟ್ಟೆ.

"ಏನಮ್ಮ ಸಂಶೋಧನೆ ಮಾಡ್ತಿದೀರಾ?"

"ಮಾಡ್ಬೇಕು ಅಂತಿದೀವಿ."

"ಹಂಗಾದ್ರೆ ಡೆಲ್ಲಿಯಿಂದ ಒಂದು ಪ್ರಾಜೆಕ್ಟ್ ತನ್ನಿ. ತಂದ್ರೆ ರೂಮು ನಿಮ್ದು, ಇಲ್ದಿದ್ರೆ ಕಂಪ್ಯೂಟರ್ದು."

ಈ ಮಾತನ್ನು ನಾನು ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದೆ. ಅವರು ದಿನವೂ ಗೌರಿಬಿದನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ದಾರಿಯುದ್ದಕ್ಕೂ ಪೇಪರನ್ನು ಜಾಹೀರಾತು ಸಮೇತ ಓದುತ್ತಿದ್ದರು. ಹಾಗೆ ಓದಿದ್ದೊಂದು ಅವರ ಜೇಬಿನಲ್ಲೇ ಇತ್ತು: ಬಿಸಿಲು, ಗಾಳಿಯಿಂದ ಬರುವ ವಿದ್ಯುತ್ತನ್ನು ಜಲಜನಕದ ರೂಪದಲ್ಲಿ ಕೂಡಿಡುವ ಸಂಶೋಧನೆಗೆ ಕೇಂದ್ರ ಸರ್ಕಾರ ಅರ್ಜಿ ಕರೆದಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಲು ಸೌದೆ ಉರಿಸುತ್ತಾರೆ. ನಾವು ಬಿಸಿಲಿನ ಕರೆಂಟಿನಲ್ಲಿ ನೀರನ್ನು ಒಡೆದು, ಜಲಜನಕವನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ಬೇಕಾದಾಗ ಅದನ್ನೇ ಉರಿಸಿ ಗೂಡು ಬೇಯಿಸಬಹುದು. ಕೇಳಲು ಎಷ್ಟು ಸಲೀಸು ಅನ್ನಿಸಿತೆಂದರೆ ಇಷ್ಟು ದಿನ ಯಾರೂ ಯಾಕೆ ಮಾಡಲಿಲ್ಲವೋ ಎಂದು ಇಬ್ಬರೂ ಆಶ್ಚರ್ಯಪಟ್ಟೆವು. ಯಾಕೆ ಮಾಡಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಅರ್ಜಿ ತರಿಸಿದೆವು. ಈ ವಿಷಯದಲ್ಲಿ ಜಗತ್ತಿನ ಸ್ಥಿತಿಗತಿ ಏನು, ದೇಶದ ಸ್ಥಿತಿಗತಿ ಏನು ಎಂದು ಕೇಳಿದ್ದರು. ಜಗತ್ತಿನದು ಹೇಗೋ ಸಿಕ್ಕಿತು. ಕಷ್ಟವಾದದ್ದು 'ನಿಮ್ಮ ಸಂಸ್ಥೆಯಲ್ಲಿರುವ ಸೌಲಭ್ಯಗಳು' ಎಂಬ ಜಾಗ. ಅದಕ್ಕೆ ಅರ್ಧ ಪುಟ ಬಿಟ್ಟಿದ್ದರು.

"ಹೊಂಗೆಮರ ಬರೀರಿ ಮೇಡಂ. ನೆರಳು ಚೆನ್ನಾಗಿದೆ," ಎಂದರು ಮೇಷ್ಟ್ರು.

"ಸೋಲಾರ್ ಪ್ರಾಜೆಕ್ಟಿಗೆ ನೆರಳು ಸೌಲಭ್ಯಾನಾ ಸರ್?"

"ನಮಗೆ ಸೌಲಭ್ಯ ಅಲ್ವಾ?"

ಇದನ್ನು ಬಳಸುವವರ ಒಪ್ಪಿಗೆ ಪತ್ರವೂ ಬೇಕಿತ್ತು. ಒಂದು ಶನಿವಾರ ಶಿಡ್ಲಘಟ್ಟಕ್ಕೆ ಹೋಗಿ, ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ, ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಸಾಹೇಬರೊಬ್ಬರ ಮನೆಯಲ್ಲಿ ಕೂತೆವು. ಮೇಷ್ಟ್ರು ಎಲ್ಲವನ್ನೂ ವಿವರಿಸಿದರು. ಸಾಹೇಬರು ಕೊನೆಯವರೆಗೆ ಕೇಳಿ, "ಅಂದ್ರೆ ನೀರಿಂದ ಬೆಂಕಿ ಬರುತ್ತೆ ಅಂತೀರಿ," ಎಂದರು.

"ನೀರು ಒಡೆದ್ರೆ ಬರತ್ತೆ ಭಾಯ್."

"ನಲ್ಲೀಲಿ ನೀರೇ ಬರಲ್ಲ ಸಾರ್, ಒಡೆಯೋದು ಯಾವ್ದನ್ನ?"

ಪರದೆಯ ಹಿಂದಿನಿಂದ ಅವರ ಹೆಂಡತಿಯ ದನಿ ಬಂತು: "ಹೊಗೇಲಿ ಕಣ್ಣು ಉರಿಯೋದು ನಂಗೆ. ಸೈನ್ ಹಾಕ್ರೀ ಸುಮ್ನೆ." ಸಾಹೇಬರು ಸೈನ್ ಹಾಕಿದರು. ಚಹಾ ಬಂತು. ಜಗತ್ತಿನ ಸ್ಥಿತಿಗತಿ ಬರೆದದ್ದಕ್ಕಿಂತ ಈ ಕೆಲಸ ಬೇಗ ಮುಗಿಯಿತು.

ಅರ್ಜಿ ಹೋದ ಮೇಲೆ ಒಂದು ಮಳೆಗಾಲ ಕಳೆಯಿತು, ಒಂದು ಪರೀಕ್ಷೆ ಕಳೆಯಿತು. ಕಾರ್ಯದರ್ಶಿಗಳು ಎದುರಾದಾಗಲೆಲ್ಲ "ಏನಂತೆ ಡೆಲ್ಲಿ?" ಎನ್ನುವರು, ನಾನು "ಪರಿಶೀಲನೇಲಿದೆ" ಎನ್ನುವೆ. ಕೊನೆಗೆ ಒಂದು ದಿನ ಪತ್ರ ಬಂತು. ವಿಜಯದಶಮಿಯ ಮಾರನೆಯ ದಿನ ತಜ್ಞರು ಖುದ್ದಾಗಿ ಬಂದು, ನಾವು ಮಾಡಿಟ್ಟ ಮಾದರಿ ನೋಡುತ್ತಾರಂತೆ. ಮಾದರಿ ಮಾಡಿದ್ದೇವೆಂದು ನಾವೇ ಬರೆದಿದ್ದೆವು. ಇನ್ನು ಮಾಡಬೇಕಿತ್ತು.

ಮೇಷ್ಟ್ರು ಗೌರಿಬಿದನೂರಿನ ಗೆಳೆಯರಿಂದ ಒಂದು ಹಳೆಯ ಸೋಲಾರ್ ಪ್ಯಾನೆಲ್ ಎರವಲು ತಂದರು. ನೀರು ಒಡೆಯಲು ಕ್ಷಾರದ ನೀರಿನಲ್ಲಿ ಮುಳುಗಿಸುವ ಸ್ಟೀಲ್ ತಟ್ಟೆಗಳಿಗಾಗಿ ನಾನು ಚಿಂತಾಮಣಿಯ ಪಾತ್ರೆ ಅಂಗಡಿಗೆ ಹೋದೆ. "ಯಾರ್ದಮ್ಮ ಮದುವೆ?" ಎಂದು ಅಂಗಡಿಯವರು ಕೇಳಿದರು. ಮದುವೆಯಲ್ಲ, ಕಾಲೇಜಿಗೆ ಎಂದೆ. ಅವರು ತಟ್ಟೆಗಳನ್ನು ಒಳಗೆ ಒಯ್ದರು, ಗುರ್ ಎಂದು ಸದ್ದಾಯಿತು. ಹೊರಗೆ ಬಂದಾಗ ಪ್ರತಿ ತಟ್ಟೆಯ ಅಂಚಿನಲ್ಲೂ 'ರಸಾಯನಶಾಸ್ತ್ರದವರ ಪ್ರೀತಿಯ ಕಾಣಿಕೆ' ಎಂದು ಕೊರೆದಿತ್ತು. "ಹೆಸ್ರು ಹಾಕ್ದೆ ನಾವು ಪಾತ್ರೆ ಕಳ್ಸಲ್ಲಮ್ಮ," ಎಂದರು.

ಕೋಣೆಯ ಹಿಂದೆ, ಹೊಂಗೆಯ ನೆರಳಿನಿಂದ ದೂರ, ಎಲ್ಲವನ್ನೂ ಜೋಡಿಸಿದೆವು. ನೀರು ತುಂಬಿದ ತೊಟ್ಟಿಯೊಳಗೆ ಒಂದು ಡ್ರಮ್ಮು ಬೋರಲಾಗಿತ್ತು. ಜಲಜನಕ ತುಂಬಿದಷ್ಟೂ ಡ್ರಮ್ಮು ಮೇಲೇಳಬೇಕು, ಗೋಬರ್ ಗ್ಯಾಸಿನವರ ಮನೆಯಲ್ಲಿ ಏಳುವ ಹಾಗೆ. ದಸರಾ ರಜೆಯಷ್ಟೂ ದಿನ ಪ್ಯಾನೆಲ್ಲಿಗೆ ಬಿಸಿಲು ಬಿದ್ದರೆ ಡ್ರಮ್ಮು ತುಂಬುತ್ತದೆ, ತಜ್ಞರ ಮುಂದೆ ಸಾಹೇಬರು ಅದರ ಉರಿಯಲ್ಲಿ ಗೂಡು ಬೇಯಿಸಿ ನೂಲು ಎಳೆಯುತ್ತಾರೆ, ಕೋಣೆ ಉಳಿಯುತ್ತದೆ. ಲೆಕ್ಕ ಇಷ್ಟೇ.

ಬೆಳಿಗ್ಗೆ ಸ್ವಿಚ್ ಹಾಕಿ ಸಂಜೆ ತೆಗೆಯುವ ಕೆಲಸವನ್ನು ನಮ್ಮ ಅಟೆಂಡರಮ್ಮನಿಗೆ ಒಪ್ಪಿಸಿದೆವು. ಚಿಂತಾಮಣಿ ಕಡೆಯ ತೆಲುಗು ಮಾತಿನ ಹೆಂಗಸು, ಕಾಲೇಜಿನ ಹಿಂದೆಯೇ ಮನೆ, ಬಲು ಶ್ರದ್ಧೆಯವರು. "ಸರೇ ಮೇಡಮ್ಮ, ನೀವು ನಿಶ್ಚಿಂತೆಯಾಗಿ ಹೋಗ್ರಿ," ಎಂದರು. ನಾನು ನಿಶ್ಚಿಂತೆಯಾಗಿ ಹೋದೆ.

ಈ ನಡುವೆ ಕಾರ್ಯದರ್ಶಿಗಳಿಗೆ ಡೆಲ್ಲಿಯಿಂದ ಜನ ಬರುವ ಸುದ್ದಿ ತಲೆಗೇರಿತ್ತು. ನಮ್ಮನ್ನು ಒಂದು ಮಾತೂ ಕೇಳದೆ ಕೋಣೆಯ ಬಾಗಿಲಿಗೆ 'ಜಲಜನಕ ಇಂಧನ ಸಂಶೋಧನಾ ಕೇಂದ್ರ' ಎಂದು ಹಿತ್ತಾಳೆ ಅಕ್ಷರದ ಬೋರ್ಡು ಹೊಡೆಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿ ಸ್ಥಳೀಯ ಪತ್ರಿಕೆಗೆ ಕೊಟ್ಟರು. ಆಯುಧಪೂಜೆ ಈ ಸಲ ಜೋರಾಗಿರಲಿ ಎಂದು ರಜೆಗೆ ಮುಂಚಿನ ದಿನ ಒಂದು ಆಟೋ ತುಂಬ ಚೆಂಡುಹೂವನ್ನೂ ಕಳಿಸಿದರು.

ರಜೆ ಮುಗಿಯಿತು. ತಜ್ಞರು ಬರುವ ಬೆಳಿಗ್ಗೆ ನಾನು ಬೇಗ ಹೋಗಿ ಹಿತ್ತಲಿನ ಬಾಗಿಲು ತೆಗೆದೆ. ಪ್ಯಾನೆಲ್ಲಿಗೆ ಅಡ್ಡಡ್ಡ ಮೂರು ಪಟ್ಟೆ ವಿಭೂತಿ, ನಡುವೆ ಅಂಗೈಯಗಲ ಕುಂಕುಮ, ಮೇಲಿಂದ ಕೆಳಗೆ ಇಳಿಬಿದ್ದ ಚೆಂಡುಹೂವಿನ ದಪ್ಪ ಹಾರ. ಬಿಸಿಲು ಒಳಗೆ ಹೋಗಬೇಕೆಂದರೆ ದೇವರ ಅಪ್ಪಣೆ ಬೇಕಿತ್ತು. ಡ್ರಮ್ಮು ತೊಟ್ಟಿಯೊಳಗೆ ಎಮ್ಮೆಯ ಹಾಗೆ ಮುಳುಗಿ ಕೂತಿತ್ತು.

"ಸ್ವಿಚ್ ಹಾಕಿರ್ಲಿಲ್ವೇನಮ್ಮ?"

"ಅಯ್ಯೋ ರಾಮ, ಪೂಜೆಗಿಟ್ಟಿದ್ದನ್ನ ಮುಟ್ತಾರಾ ಮೇಡಮ್ಮ? ಹೂವು ಬಂದ ದಿನಾನೇ ಪೂಜೆಗಿಟ್ಬಿಟ್ಟೆ. ದಶಮಿ ಆಗೋವರ್ಗೂ ಅದು ಕೆಲ್ಸ ಮಾಡಬಾರ್ದು. ನಿನ್ನೆ ಒಳ್ಳೆ ಹೊತ್ತು ನೋಡಿ ನಾನೇ ಹಾಕ್ದೆ."

ಚಿಕ್ಕವಳಿದ್ದಾಗ ಪುಸ್ತಕಗಳನ್ನು ಪೂಜೆಗಿಟ್ಟ ಮೇಲೆ ಓದು ಎಂದವರಿಗೆ ನಾನೂ ಇದೇ ಶಾಸ್ತ್ರ ಹೇಳಿ ಬೀದಿಗೆ ಓಡಿದವಳು. ಮನೆಯ ಈಳಿಗೆಮಣೆಯನ್ನೇ ಮುಟ್ಟದೆ, ನಮ್ಮತ್ತೆ ಆ ದಿನ ತರಕಾರಿಯನ್ನು ಕೈಯಲ್ಲಿ ಮುರಿದು ಹುಳಿ ಮಾಡುತ್ತಿದ್ದರು. ಇದೆಲ್ಲ ಗೊತ್ತಿದ್ದೂ ನನಗಾಗಲಿ ಮೇಷ್ಟ್ರಿಗಾಗಲಿ ಪ್ಯಾನೆಲ್ಲೂ ಒಂದು ಆಯುಧ ಎಂದು ಹೊಳೆದೇ ಇರಲಿಲ್ಲ.

ಮೇಷ್ಟ್ರು ಬಸ್ಸಿಳಿದು ಬಂದು ನೋಡಿ ಚೀಲ ಕೆಳಗಿಟ್ಟರು. ಇಬ್ಬರೂ ಒದ್ದೆ ಬಟ್ಟೆಯಲ್ಲಿ ಗಾಜು ಉಜ್ಜಿದೆವು. ಅಟೆಂಡರಮ್ಮ ಹಾರವನ್ನು ಬಿಚ್ಚಿ, ಬಿಸಾಡಲು ಮನಸ್ಸಾಗದೆ, ಡ್ರಮ್ಮಿಗೆ ಹಾಕಿದರು. ಆ ಹೊತ್ತಿಗೆ ಮೋಡ ಬಂತು.

ತಜ್ಞರಲ್ಲಿ ಒಬ್ಬರು ಕನ್ನಡ ಬಲ್ಲ ಹಿರಿಯ ಪ್ರೊಫೆಸರು, ಇನ್ನೊಬ್ಬರು ಡೆಲ್ಲಿಯ ಅಧಿಕಾರಿ. ಕಾರ್ಯದರ್ಶಿಗಳು ಇಬ್ಬರನ್ನೂ ಮೊದಲು ಬೋರ್ಡಿನ ಮುಂದೆಯೇ ಬಹಳ ಹೊತ್ತು ನಿಲ್ಲಿಸಿದರು. ಆಮೇಲೆ ಹಿತ್ತಲು. ಸಾಹೇಬರು ಒಂದು ಚೀಲ ಗೂಡು, ಒಂದು ಬೋಗುಣಿ ನೀರಿನೊಂದಿಗೆ ಕಾದಿದ್ದರು. ಮೇಷ್ಟ್ರು ಕೊಳವೆ ತಿರುಗಿಸಿ ಕಡ್ಡಿ ಗೀರಿದರು. ಪಟ್ ಎಂದಿತು.

"ಹತ್ತಿದೆ," ಎಂದರು.

"ಎಲ್ಲಿ?" ಎಂದರು ಸಾಹೇಬರು.

ಜಲಜನಕದ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಇದನ್ನು ವರ್ಷವರ್ಷವೂ ಪಾಠ ಮಾಡುವ ನಾನೇ ಬಗ್ಗಿ ಹುಡುಕುತ್ತಿದ್ದೆ. ಸಾಹೇಬರು ಬೆರಳು ಚಾಚಿ, ತಟ್ಟನೆ ಹಿಂದೆಳೆದುಕೊಂಡು, "ಹತ್ತಿದೆ ಹತ್ತಿದೆ," ಎಂದು ತಜ್ಞರಿಗೆ ಸಾಕ್ಷಿ ನುಡಿದರು. ಬೋಗುಣಿ ಇಟ್ಟು ಗೂಡು ಹಾಕಿದರು. ನೀರಿಗೆ ಬಿಸಿ ತಾಗುವುದರೊಳಗೆ ಡ್ರಮ್ಮು ಹಾರದ ಸಮೇತ ತಳ ಸೇರಿತು.

"ಗೂಡಿಗೆ ಸ್ನಾನ ಆಯ್ತು ಮೇಡಂ, ಅಷ್ಟೇ," ಎಂದರು ಸಾಹೇಬರು, ಮೆಲ್ಲಗೆ.

ಪ್ರೊಫೆಸರು ಹಾರವನ್ನೂ ಡ್ರಮ್ಮನ್ನೂ ನೋಡಿ ಅಟೆಂಡರಮ್ಮನತ್ತ ತಿರುಗಿದರು. "ಯಾಕಮ್ಮ, ಪೂಜೆಗಿಟ್ಟಿದ್ರಾ?"

"ಹೂಂ ಸ್ವಾಮಿ. ವರ್ಷವೆಲ್ಲ ದುಡಿಯೋದಲ್ವಾ, ನಾಲ್ಕು ದಿನ ಸುಮ್ನಿರ್ಲಿ ಅಂತ."

"ಬಂದು ತಿಂಗಳಾಗಿಲ್ಲ ಅದು," ಎಂದರು ಮೇಷ್ಟ್ರು, ಯಾರಿಗೂ ಅಲ್ಲದ ಹಾಗೆ.

ಪ್ರೊಫೆಸರು ನಗಲಿಲ್ಲ. "ನಾನು ಹಿಂದಿನ ದಿನವೇ ಬಂದು ಇಲ್ಲಿ ಉಳ್ಕೋಬೇಕಿತ್ತು. ನಮ್ಮನೇಲಿ ಕಾರನ್ನ ಪೂಜೆಗಿಟ್ಟಿದ್ರು, ತೆಗೆಯಕ್ಕೆ ಬಿಡ್ಲಿಲ್ಲ," ಎಂದರು. ಆಮೇಲೆ ಅಧಿಕಾರಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಅಧಿಕಾರಿ ಬಳಸದೆ ಮಿಕ್ಕಿದ್ದ ಒಂದು ತಟ್ಟೆಯ ಅಂಚನ್ನು ಮುಟ್ಟಿ, ಏನು ಬರೆದಿದೆ ಎಂದು ಕೇಳಿದರು. ಕಂಪನಿಯ ಹೆಸರು ಎಂದರು ಮೇಷ್ಟ್ರು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಮಾದರಿ ತೃಪ್ತಿಕರವಾಗಿಲ್ಲ, ತಿದ್ದಿ ಮತ್ತೊಮ್ಮೆ ಅರ್ಜಿ ಹಾಕಬಹುದು. ಪತ್ರ ಹಿಡಿದು ಕಾರ್ಯದರ್ಶಿಗಳ ಮುಂದೆ ನಿಂತೆ. ನನ್ನ ಬಾಟಲಿಗಳನ್ನು ಇಡಲು ಆಗಲೇ ರಟ್ಟಿನ ಪೆಟ್ಟಿಗೆಗಳನ್ನು ಹೊಂದಿಸಿಟ್ಟಿದ್ದೆ.

ಅವರು ಓದಿದರು. ಹಿಂದಿನ ಗೋಡೆಯಲ್ಲಿ, ಬೋರ್ಡಿನ ಪಕ್ಕ ನಿಂತ ಅವರದೇ ಫೋಟೋ ಕಟ್ಟು ಹಾಕಿಸಿಕೊಂಡು ಕೂತಿತ್ತು. ಅದನ್ನೂ ಒಮ್ಮೆ ತಿರುಗಿ ನೋಡಿದರು.

"ಮತ್ತೊಮ್ಮೆ ಹಾಕ್ಬಹುದು ಅಂದಿದಾರಲ್ಲಮ್ಮ."

"ಹೌದು ಸರ್. ಆದ್ರೆ ರೂಮು..."

"ರೂಮಿಗೇನು? ಹಿತ್ತಾಳೆ ಅಕ್ಷರ ಕಣಮ್ಮ ಅದು. ಕೀಳಿಸಿದ್ರೆ ಊರಲ್ಲಿ ನಾನೇನಂತ ಹೇಳ್ಲಿ? ಪರಿಶೀಲನೇಲಿದೆ ಅಂತಾನೇ ಇರ್ಲಿ."

ಅಲ್ಲಿಂದ ಬಂದು ಪೆಟ್ಟಿಗೆಗಳನ್ನು ಅಟೆಂಡರಮ್ಮನಿಗೆ ಕೊಟ್ಟೆ. ಮುಂದಿನ ದಸರಾಕ್ಕೆ ಅವರು ತಾವಾಗಿಯೇ ಪ್ಯಾನೆಲ್ಲಿನ ಬೆನ್ನಿಗೆ ಕುಂಕುಮವಿಟ್ಟು, "ಮುಖ ಬಿಟ್ಟಿದೀನಿ ಮೇಡಮ್ಮ, ಅದು ಕೆಲ್ಸ ಮಾಡ್ಕೊಳ್ಳಿ," ಎಂದರು. ನಾವು ಮತ್ತೆ ಅರ್ಜಿ ಹಾಕಿದೆವು, ಅದಾದ ಮೇಲೆ ಇನ್ನೊಂದು ಸಲವೂ. ಹಣ ಬರಲಿಲ್ಲ. ನಾನು ಈಗಲೂ ಮಧ್ಯಾಹ್ನದ ಡಬ್ಬಿ ಬಿಚ್ಚುವುದು ಜಲಜನಕ ಇಂಧನ ಸಂಶೋಧನಾ ಕೇಂದ್ರದಲ್ಲೇ.

ಕಂಪ್ಯೂಟರುಗಳು ಆಟದ ಸಾಮಾನಿನ ಕೋಣೆಗೆ ಹೋದವು. ವ್ಯಾಯಾಮದ ಮೇಷ್ಟ್ರು ತಮ್ಮ ಚೆಂಡುಗಳನ್ನೆಲ್ಲ ಮೆಟ್ಟಿಲ ಕೆಳಗೆ ಇಟ್ಟುಕೊಂಡು, ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಮೊನ್ನೆ ತಾವೇ ಬಂದು, ಅರ್ಜಿಯ ಆ ಜಗತ್ತಿನ ಸ್ಥಿತಿಗತಿಯ ಭಾಗ ಬರೆಯುವುದು ಹೇಗೆ ಎಂದು ಕೇಳಿದರು.