ಹಿಂದಿನ ಸಾಲಿನ ಮೂಟೆಗಳು

ರುದ್ರಪಟ್ಟಣದ ಸಂಗೀತದ ಮನೆಯಲ್ಲಿ ಹುಟ್ಟಿದ ಚೂಡಾಮಣಿಗೆ ಹಾಡು ಹತ್ತಲಿಲ್ಲ, ಲೆಕ್ಕ ಹತ್ತಿತು. ತೊಂಬತ್ತರ ಸುಮಾರಿಗೆ ಹಾಸನದ ಒಂದು ಕೋಲ್ಡ್ ಸ್ಟೋರೇಜ್ ಕಂಪನಿಗೆ ಗುಮಾಸ್ತರಾಗಿ ಸೇರಿದವರು, ಆಲೂಗಡ್ಡೆ ಮೂಟೆಗಳ ಧೂಳು ಕುಡಿಯುತ್ತಲೇ ಹಣಕಾಸು ಮ್ಯಾನೇಜರ್ ಆದರು. ‘ಬ್ಯಾಲೆನ್ಸ್ ಶೀಟಿಗೆ ಹೆಂಗಸು ಸಹಿ ಹಾಕ್ತಾಳಂತೆ’ ಎಂದು ಆಡಿಕೊಂಡವರೂ ಕ್ರಮೇಣ ತೆಪ್ಪಗಾದರು. ಇನ್ನು ಉಳಿದದ್ದು ನಿರ್ದೇಶಕಿಯ ಕುರ್ಚಿ. ಅದೂ ಆ ವರ್ಷ ಸಿಗುವುದರಲ್ಲಿತ್ತು. ಆಸೆ ಇರಲಿಲ್ಲವೇ? ಖಂಡಿತ ಇತ್ತು, ಪಾಪ.

ಎರಡು ಸಾವಿರದ ಮೂರರ ಮಾರ್ಚ್ ತಿಂಗಳಲ್ಲಿ ಕರೆಂಟು ಕೈಕೊಟ್ಟಿತು, ಜನರೇಟರೂ ಕೆಟ್ಟು ಕೂತಿತು. ವರ್ಷದ ಕೊನೆಗೆ ದಾಸ್ತಾನು ನೋಡುವುದಕ್ಕೆ ಅಲ್ಲೊಂದು ಪದ್ಧತಿ. ಬಾಗಿಲ ಬಳಿಯ ಸಾಲಿನಲ್ಲಿ ನಾಲ್ಕು ಮೂಟೆ ಬಿಚ್ಚಿ ತೋರಿಸುವುದು, ಹಿಂದಿನವೂ ಹಾಗೇ ಇವೆ ಎಂದು ಬರೆದುಕೊಳ್ಳುವುದು. ಅಷ್ಟರಲ್ಲಿ ಕಾಫಿ ಬರುತ್ತದೆ, ಆಡಿಟರು ಕುಡಿದು ಹೊರಡುತ್ತಾರೆ. ಆ ಸಲ ಬಾಗಿಲು ತೆಗೆದೊಡನೆ ಚೂಡಾಮಣಿಯ ಮೂಗಿಗೆ ನಾತ ಬಡಿಯಿತು. ಸೆರಗು ಸಿಕ್ಕಿಸಿಕೊಂಡು ಹಿಂದಿನ ಸಾಲನ್ನು ಎಳೆಸಿದರು. ಬಿತ್ತನೆಗೆಂದು ಇಟ್ಟಿದ್ದ ಗೆಡ್ಡೆಗಳಲ್ಲಿ ಅರ್ಧ ಕೊಳೆತಿದ್ದವು. ಉಳಿದವು ಆ ಕೊಳೆತ ನೀರಿನಲ್ಲೇ ನೆನೆದಿದ್ದವು.

ಆಡಳಿತ ನಿರ್ದೇಶಕ ದೇವರಾಜ್ ಕೆಟ್ಟವರಲ್ಲ. ಶಾಂತಿಗ್ರಾಮದ ಕಡೆಯ ಬೇಸಾಯದ ಮನೆಯವರು. ಚೂಡಾಮಣಿಯನ್ನು ಮೇಲೆ ತಂದವರೂ ಅವರೇ. ಆದರೆ ಅವರಿಗೆ ಬ್ಯಾಂಕಿನ ಭಯ, ಡಿವಿಡೆಂಡ್ ಕಾಯುತ್ತಿದ್ದ ಷೇರುದಾರ ರೈತರ ಭಯ.

“ಮುಂದ್ಲ ಸಾಲು ಚೆನ್ನಾಗೈತಲ್ಲ ಮೇಡಂ, ಎಲ್ಲಾನೂ ಅಂಗೇ ಬರ್ಕಳಿ. ಕೊಳ್ತಿದ್ದು ಎಸ್ದು, ಗಟ್ಟಿ ಇರೋವ ಬೀಜಕ್ಕೆ ಕೊಟ್ರಾಯ್ತು. ನಿಮ್ ಕುರ್ಚಿಗೂ ತೊಂದ್ರೆ ಇರಕಿಲ್ಲ.”

“ಆ ಗೆಡ್ಡೆ ನಿಮ್ಮ ಹೊಲಕ್ಕೆ ಹಾಕ್ತೀರಾ ಸಾರ್?”

ದೇವರಾಜ್ ದಾಸ್ತಾನು ಪುಸ್ತಕವನ್ನು ಚೂಡಾಮಣಿಯ ಕಡೆಗೇ ತಳ್ಳಿದರು. ನಷ್ಟ ನಷ್ಟವೆಂದೇ ವರದಿಗೆ ಹೋಯಿತು. ರೈತರ ಬಿತ್ತನೆಗೆ ಹೊಸ ಗೆಡ್ಡೆ ತರಿಸಿದರು. ಡಿವಿಡೆಂಡ್ ನಿಂತಿತು, ಕುರ್ಚಿಯ ಮೇಲೆ ಮಂಡಳಿಯವರು ಬೇರೆ ಯಾರನ್ನೋ ತಂದು ಕೂರಿಸಿದರು. ಸುದ್ದಿ ಕೇಳಿದ ಚೂಡಾಮಣಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ಆಮೇಲೆ ಮುಖ ತೊಳೆದು ಬಂದು ವಾರ್ಷಿಕ ಸಭೆಯ ಊಟದ ಏರ್ಪಾಡಿಗೆ ನಿಂತರು.

ಆ ಸಭೆ ನಡೆದದ್ದು ಸೆಪ್ಟೆಂಬರಿನಲ್ಲಿ. ಷೇರುದಾರ ಕೆಂಪಣ್ಣ ಎದ್ದು ನಿಂತ.

“ಎಂಗಸ್ರ ಕೈಗೆ ಲೆಕ್ಕ ಕೊಟ್ರೆ ಇನ್ನೇನಾದಾತು? ಬೇರೆಯೋರಾಗಿದ್ರೆ ಎಂಗಾರ ಮಾಡಿ ಲಾಭ ತೋರ್ಸೋರು.”

ಪಕ್ಕದಲ್ಲಿದ್ದ ಹೆಂಡತಿ ಅನಸೂಯಮ್ಮ ಅವನ ಅಂಗಿ ಹಿಡಿದು ಎಳೆದಳು. “ಕೂತ್ಕಳಿ ಸುಮ್ಕೆ. ಈ ಸಲ ನಮ್ ಒಲದಲ್ಲಿ ಗೆಡ್ಡೆ ಎಂಗ್ ಬಂದವೆ? ಆ ಕೊಳ್ತ ಬೀಜ ಇಕ್ಕಿದ್ರೆ ಏನ್ ಕೀಳ್ತಿದ್ರಿ, ಮಣ್ಣಾ?”

ಸಭೆಗೆ ಸಭೆಯೇ ನಕ್ಕಿತು. ಕೆಂಪಣ್ಣ ತಲೆ ಕೆರೆದುಕೊಳ್ಳುತ್ತಾ ಕೂತ.

ಮರುವರ್ಷವೂ ಕುರ್ಚಿ ಬರಲಿಲ್ಲ. ಮಾರ್ಚ್ ಕೊನೆಗೆ ಆಡಿಟರು ಬಂದು, ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತು ಮೂಟೆ ಬಿಚ್ಚಲು ಹೇಳಿದರು. ದೇವರಾಜ್ ಅಂಗಿಯ ತೋಳು ಮಡಿಚಿಕೊಂಡು ಒಳಗೆ ನಡೆದರು.

“ಅದನ್ನ ಬುಡಿ ಸಾ, ಇಂದ್ಲ ಸಾಲಿಂದ ಸುರು ಮಾಡಿ. ಇಲ್ದಿದ್ರೆ ನಮ್ ಮೇಡಂ ಸೈನ್ ಹಾಕಕಿಲ್ಲ.”