ದೇಶದ ಅಪಾಯಗಳೂ ಗಾದಿ ಕಾಕಾನ ಓಟೂ

ಸುರೇಬಾನದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ ಜಗತ್ತಿನ ಭಾರವೆಲ್ಲ ನನ್ನ ಹೆಗಲ ಮೇಲೇ ಇತ್ತು. ಬೈಲಹೊಂಗಲದಿಂದ ವರ್ಗವಾಗಿ ಬಂದವನಿಗೆ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ರಾಮದುರ್ಗದ ಬಸ್ಸಿಗೆ ಬರುವ ಪೇಪರನ್ನು ಜಾಹೀರಾತು ಸಹಿತ ಓದಿ ಮುಗಿಸುತ್ತಿದ್ದೆ. ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಹಾಗಾಗಿ ಪ್ರತಿ ಶನಿವಾರ ಸಂಜೆ ವಾಚನಾಲಯದ ಕಟ್ಟೆಯ ಮೇಲೆ ‘ದೇಶಕ್ಕೆ ಎದುರಾಗಿರುವ ಅಪಾಯಗಳು’ ಎಂಬ ಭಾಷಣಮಾಲೆ ಶುರುವಾಯಿತು. ಯಾರೂ ಕೇಳಿರಲಿಲ್ಲ, ನಾನೇ ಶುರು ಮಾಡಿದೆ.

ಒಂದು ವಾರ ಅಣುಬಾಂಬು, ಒಂದು ವಾರ ಹೊಸ ರೋಗ, ಒಂದು ವಾರ ಗಡಿಯಾಚೆಯ ಶತ್ರು. ಇನ್ನೊಂದು ವಾರ, ಹೊಸ ಶತಮಾನದ ಮೊದಲ ದಿನ ಕಂಪ್ಯೂಟರುಗಳೆಲ್ಲ ಬಂದ್ ಬೀಳುತ್ತವೆ ಎಂದೆ. ಊರಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ, ಆದರೂ ನಾಲ್ಕು ಜನ ಗಾಬರಿಯಾದರು. ಅದು ಹುಸಿಹೋದ ಮೇಲೂ ನಾನು ಎದೆಗುಂದಲಿಲ್ಲ, ಸಮುದ್ರ ಏರುತ್ತಿದೆ ಎಂಬ ವಿಷಯಕ್ಕೆ ಕೈಹಾಕಿದೆ. ಹಿಂದೆ ಕುಳಿತಿದ್ದ ಜೋಳದ ರೈತನೊಬ್ಬ, “ಏರಲಿ ಬಿಡ್ರಿ ಸರ. ಇಲ್ಲೀ ಮಟ ಬಂದ್ರ ಒಂದ ಬೆಳಿ ಹೆಚ್ಚಿಗಿ ತಗೀತೇವಿ” ಅಂದ. ಉಪ್ಪುನೀರಿಗೆ ಬೆಳೆ ಬರುವುದಿಲ್ಲವೆಂದು ತಿಳಿಸಿ ಹೇಳುವಷ್ಟರಲ್ಲಿ ಆ ಸಂಜೆ ಮುಗಿಯಿತು.

ನನ್ನ ಭಾಷಣಗಳಿಗೆ ತಪ್ಪದೆ ಬರುತ್ತಿದ್ದವರು ಗಾದಿ ಕಾಕಾ ಒಬ್ಬರೇ. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡುವ ಕಸುಬು ಅವರದು. ಅಜ್ಜನ ಕಾಲದಿಂದ ಬಂದ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದರೆ ಠಣ್ ಠಣ್ ಸದ್ದಿಗೇ ಹೆಂಗಸರು ಹಳೆಯ ಗಾದಿ ಹೊರಗೆ ತರುತ್ತಿದ್ದರು. ಕಾಕಾ ಹಿಂಜುತ್ತಿದ್ದರು, ಹೆಂಡತಿ ಗವಸು ಹೊಲಿಯುತ್ತಿದ್ದರು. ಆಕೆ ಊರಿಗೆಲ್ಲ ಕಾಕಿ. ನನ್ನ ಬಾಡಿಗೆ ಖೋಲಿಯ ಗಾದಿಯೂ ಅವರಿಬ್ಬರ ಕೈಯದೇ. ಅದರ ಮೇಲೆ ಮಲಗಿಯೇ ನಾನು ಮೂರನೇ ಮಹಾಯುದ್ಧದ ಕುರಿತು ಯೋಚಿಸುತ್ತಿದ್ದದ್ದು.

ಒಂದು ಶನಿವಾರ ಭಾಷಣ ಮುಗಿದ ಮೇಲೆ ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ನಿಂತರು.

“ಸರ, ಬಾಂಬ್ ಹೇಳಿದ್ರಿ, ರೋಗ ಹೇಳಿದ್ರಿ, ಸಮುದ್ರ ಹೇಳಿದ್ರಿ. ಇದರಾಗ ನಮ್ಮಂಥವರು ಮಾಡೂದು ಏನೈತ್ರಿ?”

ಅಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. ನನ್ನ ಟಿಪ್ಪಣಿಯ ಹಾಳೆ ಹಿಂದೆ ಮುಂದೆ ತಿರುವಿದೆ. “ಓಟು ಹಾಕೂದು, ಕಾಕಾ. ನಮ್ಮ ಕೈಯಾಗ ಇರೂದು ಅದೊಂದ” ಅಂದೆ.

“ಅದನ್ನ ಒಂದೂ ಸಲ ತಪ್ಪಿಸಿಲ್ರಿ ನಾ. ಒಮ್ಮೆ ಮುರಗೋಡದಾಗಿಂದ ಹತ್ತಿ ಲಾರಿ ಮ್ಯಾಲೆ ಕುಂತ ಬಂದ ಹಾಕೇನಿ. ಸಾಹುಕಾರಂದೂ ಒಂದ, ನಂದೂ ಒಂದ. ಉಳಿದ ದಿನ ಹಂಗ ಇರಾಂಗಿಲ್ಲಲ್ರಿ” ಅಂದರು ಕಾಕಾ. ಕುಳಿತವರು ನಕ್ಕರು. ಕಾಕಾ ನಗಲಿಲ್ಲ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಮತದಾರರ ಪಟ್ಟಿ ತಿದ್ದುವ ಕೆಲಸ ನನ್ನ ಕೊರಳಿಗೆ ಬಿತ್ತು. ಮನೆಮನೆಗೆ ಹೋಗಿ, ಇದ್ದವರನ್ನು ಕಂಡು, ಇಲ್ಲದವರ ಹೆಸರಿಗೆ ಗೆರೆ ಎಳೆಯಬೇಕು. ಆ ಕೆಲಸ ನಡೆಯುತ್ತಿದ್ದ ರೀತಿಯೇ ಬೇರೆ. ಮಾಸ್ತರು ಚಾವಡಿ ಕಟ್ಟೆಯ ಮೇಲೆ ಕೂಡುವುದು, ಊರ ಹಿರಿಯರು ಸುತ್ತ ಸೇರುವುದು, ಮಾಸ್ತರು ಒಂದೊಂದೇ ಹೆಸರು ಓದುವುದು. “ಅದಾನ್ರಿ.” “ಹೋದ ವರ್ಷ ತೀರಿಕೊಂಡ್ರು.” “ಆಕಿ ಲಗ್ನ ಆಗಿ ಸವದತ್ತಿಗೆ ಹೋದ್ಲು.” ಒಂದು ಮಧ್ಯಾಹ್ನದಲ್ಲಿ ಇಡೀ ಊರು ಮುಗಿದುಹೋಗುತ್ತಿತ್ತು. ಹಿಂದಿನ ಮಾಸ್ತರೂ ಹೀಗೇ ಮಾಡಿದ್ದರು, ನಾನೂ ಹಾಗೇ ಮಾಡಿದೆ.

ಓದುತ್ತ ಓದುತ್ತ ಮೂರು ತುಂಡಿನ ಒಂದು ಉದ್ದನೆಯ ಮುಸಲ್ಮಾನ ಹೆಸರು ಬಂತು. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೊಮ್ಮೆ ಓದಿದೆ.

“ಈ ಹೆಸರಿನವರು ನಮ್ಮೂರಾಗ ಯಾರೂ ಇಲ್ರಿ” ಅಂದರು ಒಬ್ಬರು.

“ಮೊದಲ ಇದ್ದಿರಬೇಕು. ಗೋವಾಕ ದುಡಿಯಾಕ ಹೋದವರು ಇರಬೇಕು” ಅಂದರು ಇನ್ನೊಬ್ಬರು.

ಮುಸಲ್ಮಾನರ ಓಣಿಗೆ ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಓಣಿ ಇದ್ದದ್ದು ಇನ್ನೂರು ಹೆಜ್ಜೆ ದೂರದಲ್ಲಿ. ಆದರೆ ಅಷ್ಟರಲ್ಲಿ ಚಹಾ ಬಂತು. ‘ಊರಲ್ಲಿ ವಾಸವಿಲ್ಲ’ ಎಂದು ಬರೆದು ಕೆಂಪು ಗೆರೆ ಎಳೆದೆ. ಅದರ ಕೆಳಗೆ ಅದೇ ಮನೆಯ ಹೆಂಗಸಿನ ಹೆಸರಿತ್ತು, ಅದಕ್ಕೂ ಎಳೆದೆ. ಇಂಥ ಕೆಲಸದಲ್ಲಿ ನಾನು ಬಹಳ ಅಚ್ಚುಕಟ್ಟು, ಅಡಿಪಟ್ಟಿ ಇಟ್ಟೇ ಎಳೆಯುವವನು. ತಿದ್ದಿದ ಪಟ್ಟಿಯನ್ನು ಚಾವಡಿ ಬಾಗಿಲಿಗೆ ಅಂಟಿಸಿದ್ದೂ ಆಯಿತು. ಅದನ್ನು ನಿಂತು ಓದಿದವರನ್ನು ನಾನಂತೂ ಕಾಣಲಿಲ್ಲ. ಕಾಕಾ ಕಾಕಿ ಆಗ ಊರಲ್ಲಿರಲಿಲ್ಲ. ಹೊಸ ಹತ್ತಿ ಬರುವ ಕಾಲ, ಮುಂದೆ ಮದುವೆಗಳ ಕಾಲ. ಬಿಲ್ಲು ಹಿಡಿದು ರಾಮದುರ್ಗ, ಮುರಗೋಡ ಸುತ್ತುತ್ತಿದ್ದರು.

ಚುನಾವಣೆಯ ದಿನ ಬಂತು. ಆ ಸಲ ನನಗೆ ಡ್ಯೂಟಿ ಬಿದ್ದಿರಲಿಲ್ಲ. ಬೆಳಿಗ್ಗೆ ಬೇಗ ಹೋಗಿ ನಮ್ಮ ಸಾಲೆಯ ಮುಂದೆಯೇ ಪಾಳಿ ಹಚ್ಚಿದೆ. ನನ್ನ ಮುಂದೆ ಕಾಕಾ, ಹೆಂಗಸರ ಪಾಳಿಯಲ್ಲಿ ಕಾಕಿ. ಕಾಕಾ ಇಸ್ತ್ರಿ ಮಾಡಿದ ಬಿಳಿ ಪೈಜಾಮ ಜುಬ್ಬಾ ಹಾಕಿದ್ದರು, ಕಿವಿಯಲ್ಲಿ ಅತ್ತರಿನ ಹತ್ತಿ. “ಯಂತ್ರ ಬಂದಾವಂತಲ್ರಿ ಸರ, ಒತ್ತಿದ್ರ ಕೂಗತೈತಂತ” ಎಂದು ಖುಷಿಯಲ್ಲಿದ್ದರು. ಒಳಗೆ ಹೋದವರೇ, ಯಾರೂ ಕೇಳುವ ಮೊದಲೇ ಶಾಯಿಗೆ ಎಡಗೈ ಬೆರಳು ಮುಂದೆ ಚಾಚಿದರು.

ಅಧಿಕಾರಿ ಅವರ ಗುರುತಿನ ಚೀಟಿ ನೋಡಿ ಹೆಸರನ್ನು ಜೋರಾಗಿ ಓದಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಈ ಹೆಸರು ಎಲ್ಲೋ ಕೇಳಿದಂತಿದೆಯಲ್ಲ ಅನ್ನಿಸಿತು. ಎಲ್ಲಿ ಎಂಬುದು ಹೊಳೆದಾಗ ಕಿವಿ ಬಿಸಿಯಾದವು.

“ಇದು ತೆಗೆದು ಹಾಕಿದ ಹೆಸರು. ಊರಲ್ಲಿ ವಾಸವಿಲ್ಲ ಅಂತ ಇದೆ” ಅಂದರು ಅಧಿಕಾರಿ.

ಕಾಕಾ ಮೊದಲು ನಕ್ಕರು. “ವಾಸ ಇಲ್ಲಂದ್ರ? ನಮ್ಮ ಅಜ್ಜನ ಗೋರಿ ಇಲ್ಲೇ ಐತ್ರಿ.” ಆಮೇಲೆ ನನ್ನ ಕಡೆ ತಿರುಗಿದರು. “ಸರ, ನೀವರೆ ಹೇಳ್ರಿ ಇವರಿಗೆ, ನಾ ಯಾರಂತ.”

“ಇವರು ಗಾದಿ ಕಾಕಾ. ಊರಿಗೆಲ್ಲ ಗೊತ್ತು” ಅಂದೆ. ಪಾಳಿಯಲ್ಲಿದ್ದವರೆಲ್ಲ ಹೌದು ಹೌದು ಅಂದರು. ಅವತ್ತು ಚಾವಡಿ ಕಟ್ಟೆಯ ಮೇಲಿದ್ದ ಹಿರಿಯರೂ ಅಂದರು.

“ಗಾದಿ ಕಾಕಾ ಅನ್ನೋ ಹೆಸರೂ ಪಟ್ಟಿಯಲ್ಲಿ ಇಲ್ಲ” ಅಂದರು ಅಧಿಕಾರಿ. ಅವರದೇನೂ ತಪ್ಪಿಲ್ಲ.

ಕಾಕಾ ಬೆರಳು ಮಡಚಿಕೊಂಡು ಹೊರಗೆ ಬಂದರು. ಕಾಕಿ ಪಾಳಿ ಬಿಟ್ಟು ಅವರ ಹಿಂದೆ ನಡೆದರು. ನಾನು ಒಳಗೆ ಹೋಗಿ ಓಟು ಹಾಕಿದೆ. ಯಂತ್ರ ಕೂಗಿತು. ಆ ಸದ್ದು ಕೇಳಿ ನಾಚಿಕೆಯಾಯಿತು ನನಗೆ. ಗಡಿಯಾಚೆಯವರು ಬಂದು ನಮ್ಮ ಹಕ್ಕು ಕಸಿಯುತ್ತಾರೆಂದು ಎಷ್ಟೋ ಶನಿವಾರ ಹೆದರಿಸಿದ್ದೆ. ಅದೇ ಕೆಲಸವನ್ನು ನಾನು ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿಯುತ್ತ ಮಾಡಿ ಮುಗಿಸಿದ್ದೆ.

ತಾಲೂಕು ಕಚೇರಿಯಿಂದ ಹೆಸರು ಸೇರಿಸುವ ಅರ್ಜಿ ಎರಡು ತಂದು, ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಕಾಕಾ ಅಂಗಳದಲ್ಲಿ ಹತ್ತಿ ಹರವುತ್ತಿದ್ದರು. “ಬರ್ರಿ ಸರ, ಕೂಡ್ರಿ” ಅಂದರು. ಕೂಡುವ ಮೊದಲೇ ಹೇಳಿಬಿಟ್ಟೆ. ಗೆರೆ ಎಳೆದವನು ನಾನೇ, ಹೆಸರು ಓದಿದಾಗ ಯಾರಿಗೂ ಗುರುತು ಸಿಗಲಿಲ್ಲ, ನನಗೂ ಸಿಗಲಿಲ್ಲ ಎಂದೆ. ಬೈಯಲಿ ಎಂದು ಕಾದೆ.

“ಕಟ್ಟಿ ಮ್ಯಾಲೆ ಯಾರ್ಯಾರ ಇದ್ರು?” ಅಂತ ಕೇಳಿದರು. ಹೇಳಿದೆ. ಒಬ್ಬೊಬ್ಬರ ಹೆಸರಿಗೂ ತಲೆ ಆಡಿಸಿದರು.

“ಇವರೆಲ್ಲಾರ ಮದುವಿ ಗಾದಿ ಮಾಡಿದವ ನಾ. ಅವರ ಮಕ್ಕಳ ತೊಟ್ಟಿಲದ ಗಾದಿನೂ ನಾನ ಮಾಡೇನಿ. ಅಷ್ಟ ಮಂದ್ಯಾಗ ಒಬ್ಬರಿಗೂ ಗೊತ್ತಾಗಲಿಲ್ಲೇನ್ರಿ?”

ಚೀಲದಿಂದ ಅರ್ಜಿಗಳನ್ನು ಹೊರಗೆ ತೆಗೆದೆ. ಚಹಾ ತಂದ ಕಾಕಿ, “ಇವರದರೆ ಅಧಿಕಾರಿ ಓದಿದ್ರಂತ. ನನ್ನ ಹೆಸರ ಹಿಡದ ಕರದಾಕಿ ನಮ್ಮವ್ವ ಒಬ್ಬಾಕಿ, ಆಕೀನೂ ಹೋದ್ಲು” ಎಂದು ನಕ್ಕರು. ಕಾಕಾನೂ ನಕ್ಕರು. ನನ್ನ ಜೀವಕ್ಕೆ ಕೊಂಚ ಹಗುರವೆನಿಸಿತು.

ಇಬ್ಬರ ಚೀಟಿ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಅರ್ಜಿ ತುಂಬಿದೆ. ಸಹಿ, ಹೆಬ್ಬೆಟ್ಟು ಆದವು. ಮುಂದಿನ ಚುನಾವಣೆಗೆ ಹೆಸರು ಬಂದೇ ಬರುತ್ತದೆ, ನಾನೇ ಬೆನ್ನುಹತ್ತಿ ಮಾಡಿಸುತ್ತೇನೆ ಎಂದೆ. ಅರ್ಜಿಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ.

“ಬರತೇನ್ರಿ, ಕಾಕಾ.”

ಕಾಕಾ ಹತ್ತಿಯಿಂದ ತಲೆ ಎತ್ತಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಇವತ್ತೊಂದ ದಿನ ಹೆಸರ ಹಿಡದ ಕರೀರಿ, ಸರ.”

ಬಾಯಿ ತೆರೆದೆ. ಕಾಕಾ ಎನ್ನುವುದು ಬಿಟ್ಟು ನಾಲಿಗೆಗೆ ಬೇರೇನೂ ಬರಲಿಲ್ಲ. ಚೀಲದಿಂದ ಅರ್ಜಿ ತೆಗೆದು, ಬಿಚ್ಚಿ, ಅವರ ಎದುರಿಗೇ ಹೆಸರನ್ನು ನೋಡಿ ಓದಿದೆ.